ಏಷ್ಯಾದ ಹಳೇ ಸಿನಿಮಾ: ಕುರೊಸಾವಾ, ಮಜೀದಿ ಮುಗಿದ ಮೇಲೆ ಯಾವ ದಾರಿ?

ಗಾಂಧಿಕ್ಲಾಸ್:

ಕುರೊಸಾವಾ, ಓಝು, ಕಿಯರೊಸ್ತಾಮಿ, ಮಜೀದಿ, ಈಚಿನ ಕೊರಿಯನ್ ಥ್ರಿಲ್ಲರ್‌ಗಳು, ಹೀಗೆ ಎಲ್ಲರೂ ಹೇಳೋ ಹೆಸರುಗಳು ಮುಗಿದಿವೆ. ಇನ್ನು 1950ರಿಂದ 90ರವರೆಗಿನ, ಯಾರೂ ಅಷ್ಟಾಗಿ ಮಾತಾಡದ ಏಷ್ಯನ್ ಸಿನಿಮಾ ನೋಡಬೇಕು. ಕಲಾತ್ಮಕವೇ ಆಗಬೇಕು ಅಂತೇನಿಲ್ಲ. ದೆವ್ವ, ಹೊಡೆದಾಟ, ಗೋಳಾಟ, ಏನಾದ್ರೂ ಸರಿ.

ತೊಂದರೆ ಮೂರು. ‘ನೋಡಲೇಬೇಕಾದ ನೂರು’ ಪಟ್ಟಿ ಯಾವುದನ್ನ ತೆಗೆದರೂ ಅವೇ ಹೆಸರು. ಒಂದೇ ಸಿನಿಮಾಗೆ ಒಂದು ಕಡೆ 3 ಗಂಟೆ, ಇನ್ನೊಂದು ಕಡೆ 4 ಗಂಟೆ ಅಂತ ಹಾಕಿರ್ತಾರೆ. ಹಳೇ ಡಿವಿಡಿಗೆ ಸಬ್‌ಟೈಟಲ್ ಫೈಲ್ ಜೋಡಿಸಿದ್ರೆ ಶುರುವಲ್ಲಿ ಸರಿ ಇದ್ದು, ಅರ್ಧಕ್ಕೆ ಬರೋ ಹೊತ್ತಿಗೆ ಮಾತೊಂದು ಕಡೆ, ಅಕ್ಷರ ಒಂದು ಕಡೆ.

ರೀಲುಡಬ್ಬಿ:

ಪಟ್ಟಿ ಬಿಡಿ, ಆರ್ಕೈವ್ (ಹಳೇ ಫಿಲ್ಮು ಕಾಪಾಡಿ ಇಡೋ ಸಂಸ್ಥೆ) ಹಿಡೀರಿ. ಈ ಸಿನಿಮಾಗಳ ವಿಷಯದಲ್ಲಿ ‘ಯಾವುದು ಚೆನ್ನಾಗಿದೆ’ ಅನ್ನೋದಕ್ಕಿಂತ ಮೊದಲು ‘ಯಾವುದು ಉಳಿದಿದೆ, ಯಾವ ಸ್ಥಿತಿಯಲ್ಲಿ ಉಳಿದಿದೆ’ ಅಂತ ನೋಡಬೇಕು. ನಮ್ಮ ಕಡೆಯ ಸೆಕೆ, ತೇವಕ್ಕೆ ಆ ಕಾಲದ ಅಸಿಟೇಟ್ (ಒಂದು ಬಗೆಯ ಪ್ಲಾಸ್ಟಿಕ್) ಫಿಲ್ಮು ಕೊಳೆಯುತ್ತೆ. ಡಬ್ಬಿ ಮುಚ್ಚಳ ತೆಗೆದರೆ ವಿನೆಗರ್ ವಾಸನೆ ಹೊಡೆಯುತ್ತೆ, ಆಮೇಲೆ ರೀಲು ಸೊಟ್ಟಗಾಗಿ ಕುಗ್ಗುತ್ತೆ. ಅದರ ಮೇಲೆ ಯುದ್ಧ, ನಿಷೇಧ. ಕಾಂಬೋಡಿಯಾದಲ್ಲಿ 1960-75ರ ನಡುವೆ ನೂರಾರು ಸಿನಿಮಾ ಬಂದವು, ಖ್ಮೇರ್ ರೂಜ್ ಅನ್ನೋ ಉಗ್ರ ಕಮ್ಯುನಿಸ್ಟ್ ಆಡಳಿತದ ಕಾಲ ಕಳೆಯೋ ಹೊತ್ತಿಗೆ ಉಳಿದದ್ದು ತೀರಾ ಕಡಿಮೆ.

ಶುರು ಮಾಡೋಕೆ ಸುಲಭದ ಜಾಗ ಕೊರಿಯಾ. ಅಲ್ಲಿನ ರಾಷ್ಟ್ರೀಯ ಆರ್ಕೈವ್ ‘ಕೊರಿಯನ್ ಕ್ಲಾಸಿಕ್ ಫಿಲ್ಮ್’ ಅನ್ನೋ ಯೂಟ್ಯೂಬ್ ಚಾನೆಲ್‌ನಲ್ಲಿ ಪೂರ್ತಿ ಸಿನಿಮಾಗಳನ್ನ ಪುಕ್ಕಟೆ ಇಟ್ಟಿದೆ. ಸಿಸಿ ಬಟನ್ ಒತ್ತಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ‘ಇಂಗ್ಲಿಷ್’ ಅಂತಷ್ಟೇ ಇರೋದನ್ನ ಆರಿಸಿ. ಪಕ್ಕದಲ್ಲಿ ‘ಆಟೋ’ ಅಂತ ಇದ್ರೆ ಅದು ಯಂತ್ರ ಕೇಳಿಸಿಕೊಂಡು ಬರೆದದ್ದು, ಹಳೇ ಸೌಂಡ್‌ಟ್ರ್ಯಾಕಿನ ಕರಕರದಲ್ಲಿ ಅದಕ್ಕೆ ಏನೂ ತಿಳಿಯಲ್ಲ.

ಮೊದಲು ಕಿಮ್ ಕಿ-ಯಂಗ್‌ನ ‘ದಿ ಹೌಸ್‌ಮೇಡ್’ (1960) ನೋಡಿ. 2010ರ ರೀಮೇಕ್ ಅಲ್ಲ, ವರ್ಷ ನೋಡಿಕೊಂಡೇ ಹಾಕಿ. ನೂಲಿನ ಗಿರಣಿಯ ಹುಡುಗಿಯರಿಗೆ ಸಂಗೀತ ಹೇಳಿಕೊಡೋ ಮೇಷ್ಟ್ರು, ಸಾಲ ಮೈಮೇಲೆ ಎಳಕೊಂಡು ಕಟ್ಟಿಸಿದ ಎರಡಂತಸ್ತಿನ ಮನೆ, ಅಡುಗೆಮನೆ ಬೀರುವಿನಲ್ಲಿ ಇಲಿಪಾಷಾಣ. ಪಾಷಾಣದ ಬಾಟಲಿ ಯಾರ ಕೈಗೆ ಹೋಯ್ತು, ಮೆಟ್ಟಿಲ ಮೇಲೆ ಯಾರು ನಿಂತಿದ್ದಾರೆ ಅನ್ನೋದರ ಮೇಲೇ ಇಡೀ ಸಿನಿಮಾ ನಡೆಯುತ್ತೆ. ಇದರ ನೆಗೆಟಿವ್ ಸಿಕ್ಕಾಗ 5 ಮತ್ತು 8ನೇ ರೀಲು ಇರಲಿಲ್ಲ. ಆಮೇಲೆ 1990ರಲ್ಲಿ ಒಂದು ಹಳೇ ಪ್ರಿಂಟ್ ಸಿಕ್ಕಿತು, ಅದರ ಮೇಲೆ ಕೈಬರಹದ ಇಂಗ್ಲಿಷ್ ಸಬ್‌ಟೈಟಲ್ ಚಿತ್ರದ ಅರ್ಧ ಜಾಗ ಮುಚ್ಚಿತ್ತು. 2008ರಲ್ಲಿ ರಿಸ್ಟೋರ್ (ಹಾಳಾದ ಪ್ರತಿಯನ್ನ ರಿಪೇರಿ) ಮಾಡುವಾಗ ಆ ಅಕ್ಷರಗಳನ್ನ ಫ್ರೇಮ್ ಫ್ರೇಮಿಗೂ ಅಳಿಸಿದ್ದಾರೆ. ಆ ಎರಡು ರೀಲು ಬಂದಾಗ ಚಿತ್ರ ಸ್ವಲ್ಪ ಮಬ್ಬಾಗುತ್ತೆ. ನಿಮ್ಮ ಟಿವಿ ಕೆಟ್ಟಿಲ್ಲ, ಸೆಟ್ಟಿಂಗ್ ಮುಟ್ಟಬೇಡಿ.

ಅದಾದ ಮೇಲೆ ಯು ಹ್ಯುನ್-ಮೋಕ್‌ನ ‘ಏಮ್‌ಲೆಸ್ ಬುಲೆಟ್’ (1961). ಗುಮಾಸ್ತನೊಬ್ಬನಿಗೆ ಹಲ್ಲುನೋವು. ಕೀಳಿಸೋಕೆ ದುಡ್ಡಿಲ್ಲ ಅಂತ ಸಿನಿಮಾ ಪೂರ್ತಿ ಕೆನ್ನೆ ಹಿಡಕೊಂಡೇ ಓಡಾಡ್ತಾನೆ, ಒಳಕೋಣೆಯಿಂದ ಬುದ್ಧಿ ಸ್ವಾಧೀನ ಇಲ್ಲದ ತಾಯಿ ‘ಹೋಗೋಣ’ ಅಂತ ಕೂಗ್ತಾನೇ ಇರ್ತಾಳೆ. ಯುದ್ಧಾನಂತರದ ಸೋಲ್ ನಗರದ ಬಗ್ಗೆ ಹತ್ತು ಪುಸ್ತಕ ಓದೋದಕ್ಕಿಂತ ಇದೊಂದು ಸಾಕು.

ಎರಡನೇ ದಾರಿ, ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿ ಶುರು ಮಾಡಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ರಿಸ್ಟೋರ್ ಮಾಡಿಸಿದವು. ಏಷ್ಯಾದ್ದಷ್ಟೇ ಆರಿಸಿಕೊಂಡರೂ ಒಂದು ವರ್ಷಕ್ಕಾಗುವಷ್ಟಿದೆ: ಟರ್ಕಿಯ ‘ಡ್ರೈ ಸಮ್ಮರ್’ (1963), ಇಂಡೋನೇಷ್ಯಾದ ‘ಆಫ್ಟರ್ ದಿ ಕರ್ಫ್ಯೂ’ (1954), ಫಿಲಿಪ್ಪೀನ್ಸ್‌ನ ‘ಇನ್ಸಿಯಾಂಗ್’ (1976), ಇರಾನಿನ ‘ಡೌನ್‌ಪೋರ್’ (1972) ಮತ್ತು ‘ಚೆಸ್ ಆಫ್ ದಿ ವಿಂಡ್’ (1976). ‘ಡ್ರೈ ಸಮ್ಮರ್’ ನೀರಿನ ಜಗಳ. ತನ್ನ ಹೊಲದ ಊಟೆಗೆ ಕಟ್ಟೆ ಹಾಕಿ ಕೆಳಗಿನವರಿಗೆ ನೀರು ಬಿಡದ ಅಣ್ಣ. ನಮ್ಮ ಹಳ್ಳಿ ಕಡೆಯವರಿಗೆ ವಿವರಣೆಯೇ ಬೇಕಾಗಿಲ್ಲ. ಅಂದ ಹಾಗೆ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನ (1977) ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಜೊತೆ ಸೇರಿ ರಿಸ್ಟೋರ್ ಮಾಡಿಸಿ 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದ್ದೂ ಇದೇ ಪ್ರಾಜೆಕ್ಟ್.

ಟೆಂಟ್‌ಸಿನಿಮಾ:

ರೀಲುಡಬ್ಬಿಯವರು ಹೇಳಿದ್ದು ಸರಿ, ಆದರೆ ಒಂದು ತಕರಾರು. ರಿಸ್ಟೋರ್ ಆದದ್ದನ್ನ ಮಾತ್ರ ನೋಡ್ತಾ ಹೋದ್ರೆ ಚಿತ್ರೋತ್ಸವಗಳಿಗೆ ಹೋಗಿಬಂದ ಗಂಭೀರ ಸಿನಿಮಾಗಳೇ ಸಿಗ್ತವೆ. ಜನ ಸೀಟಿ ಹೊಡೆದು ನೋಡಿದ್ದು ಬೇರೇನೇ ಇತ್ತು. ಪ್ರಶ್ನೆ ಕೇಳಿದವರು ದೆವ್ವ, ಹೊಡೆದಾಟನೂ ಬೇಕು ಅಂದಿದ್ದಾರಲ್ಲ.

ಹೊಡೆದಾಟಕ್ಕೆ ನಿರ್ದೇಶಕ ಕಿಂಗ್ ಹೂ. ಮೊದಲು ‘ಡ್ರ್ಯಾಗನ್ ಇನ್’ (1967), ಆಮೇಲೆ ‘ಎ ಟಚ್ ಆಫ್ ಝೆನ್’ (1971). ಈ ಕ್ರಮ ತಪ್ಪಿಸಬೇಡಿ. ಎರಡನೆಯದು ಹತ್ತಿರ ಹತ್ತಿರ 3 ಗಂಟೆ. ಮೊದಲ ಕತ್ತಿ ಹೊರಗೆ ಬರೋಕೇ ಸುಮಾರು ಒಂದು ಗಂಟೆ ಹಿಡಿಯುತ್ತೆ, ಅಲ್ಲಿಯವರೆಗೆ ಪಾಳುಬಿದ್ದ ಕೋಟೆ, ಜೇಡರಬಲೆ, ಚಿತ್ರ ಬರೆದು ಹೊಟ್ಟೆ ಹೊರೆಯೋ ಒಬ್ಬ ಬಡ ಪಂಡಿತ. ‘ಡ್ರ್ಯಾಗನ್ ಇನ್’ ನೋಡಿದ್ರೆ ಕಿಂಗ್ ಹೂ ಒಂದು ಛತ್ರದೊಳಗೆ ಕೂತವರ ಕಣ್ಣು, ಕೈ, ಬಟ್ಟಲುಗಳನ್ನೇ ಹೇಗೆ ಹೊಡೆದಾಟ ಮಾಡ್ತಾನೆ ಅಂತ ತಿಳಿದಿರುತ್ತೆ, ಆಗ ಆ ಒಂದು ಗಂಟೆ ಭಾರ ಅನಿಸಲ್ಲ. ಬಿದಿರುಮೆಳೆಯ ಕಾಳಗದಲ್ಲಿ ಕಟ್‌ಗಳನ್ನ ಗಮನಿಸಿ. ಹಾರೋದು ಒಂದು ಶಾಟ್, ಇಳಿಯೋದು ಇನ್ನೊಂದು, ನಡುವಿನದನ್ನ ನಿಮ್ಮ ಕಣ್ಣೇ ತುಂಬಿಕೊಳ್ಳುತ್ತೆ.

ದೆವ್ವಕ್ಕೆ ಜಪಾನಿನ ‘ಒನಿಬಾಬಾ’ (1964), ಅದೂ ನೋಡಿದ್ರೆ ‘ಹೌಸ್’ (1977). ಪಾಕಿಸ್ತಾನದ ‘ಝಿಂದಾ ಲಾಶ್’ (1967) ಡ್ರಾಕುಲಾ ಕಥೆ, ನಡುನಡುವೆ ಹಾಡು-ಕುಣಿತನೂ ಇದೆ. ಇಂಡೋನೇಷ್ಯಾದ ‘ಪೆಂಗಾಬ್ಡಿ ಸೆತಾನ್’ ಹಾಕುವಾಗ 1980ರದ್ದು ಮತ್ತು ಜೋಕೋ ಅನ್ವರ್‌ನ 2017ರದ್ದು ಎರಡೂ ಇವೆ, ಹಳೆಯದನ್ನ ಮೊದಲು ನೋಡಿ. ಮಲಯ್ ದೆವ್ವದ ಸಿನಿಮಾ ಪರಂಪರೆ ಶುರುವಾದದ್ದು 1957ರ ‘ಪೊಂಟಿಯಾನಾಕ್’ನಿಂದ. ನಿರ್ದೇಶಕ ಬಿ. ಎನ್. ರಾವ್ ಭಾರತದಿಂದ ಸಿಂಗಾಪುರಕ್ಕೆ ಹೋದವರು. ಅದರ ಪ್ರಿಂಟ್ ಉಳಿದಿಲ್ಲ, ಹುಡುಕಿ ಸುಸ್ತಾಗಬೇಡಿ.

ಇನ್ನು ಥಾಯ್ಲೆಂಡ್. 1950-60ರ ದಶಕಗಳಲ್ಲಿ ಅಲ್ಲಿ ಬಹುಪಾಲು ಸಿನಿಮಾಗಳನ್ನ ಕಿರಿದಾದ, ಅಗ್ಗದ 16 ಎಂಎಂ ಫಿಲ್ಮಿನಲ್ಲಿ ಧ್ವನಿಯಿಲ್ಲದೆ ತೆಗೀತಿದ್ರು. ಥಿಯೇಟರಿನಲ್ಲಿ ಮೈಕು ಹಿಡಿದ ಡಬ್ಬಿಂಗ್ ಕಲಾವಿದರು ಪ್ರತಿ ಆಟಕ್ಕೂ ಅಲ್ಲೇ ಮಾತು ಹೇಳ್ತಿದ್ರು. ಹಾಗಾಗಿ ಈಗ ಸಿಗೋ ಪ್ರತಿಯಲ್ಲಿ ತುಟಿಗೂ ಮಾತಿಗೂ ಸಂಬಂಧ ಇಲ್ಲ ಅನಿಸಿದ್ರೆ ಅದು ಸಿಂಕ್ ದೋಷ ಅಲ್ಲ, ಮಾತು ಅಂಟಿಸಿದ್ದೇ ಆಮೇಲೆ. ನಿರ್ದೇಶಕ ರತ್ತನಾ ಪೆಸ್ಟೊಂಜಿ ಮಾತ್ರ 35 ಎಂಎಂ ಮತ್ತು ಧ್ವನಿಗೆ ಹಟ ಹಿಡಿದವರು. ಅವರು ಕ್ಯಾಮೆರಾ ಮಾಡಿದ ‘ಸಾಂತಿ-ವೀನಾ’ (1954) ಕಳೆದೇಹೋಯ್ತು ಅಂದುಕೊಂಡಿದ್ರು. ಆಮೇಲೆ ಬ್ರಿಟನ್, ರಷ್ಯಾ, ಚೀನಾದ ಆರ್ಕೈವ್‌ಗಳಲ್ಲಿ ಸಿಕ್ಕಿ 2016ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವಕ್ಕೆ ಬಂತು. ಅವರದೇ ನಿರ್ದೇಶನದ ‘ಬ್ಲ್ಯಾಕ್ ಸಿಲ್ಕ್’ (1961) ಕ್ರೈಮ್ ಕಥೆ. ನಿಧಾನ, ಆದರೆ ಬಣ್ಣಗಳಿಗಾಗಿಯೇ ನೋಡಬೇಕು.

ಫಿಲಿಪ್ಪೀನ್ಸ್‌ನಲ್ಲಿ ನನ್ನ ಮತ ಮೈಕ್ ಡಿ ಲಿಯೋನ್‌ನ ‘ಕಿಸಾಪ್‌ಮತಾ’ಗೆ (1981). ನಿವೃತ್ತ ಪೊಲೀಸ್ ಅಪ್ಪ, ಮಗಳನ್ನ ಮದುವೆಯಾದ ಮೇಲೂ ಮನೆಯಿಂದ ಬಿಡಲ್ಲ. ದೆವ್ವ ಒಂದೂ ಇಲ್ಲ, ಆದರೆ ಮೇಲೆ ಹೇಳಿದ ಎಲ್ಲ ದೆವ್ವದ ಸಿನಿಮಾಗಳಿಗಿಂತ ಹೆದರಿಕೆ ಆಗೋದು ಇದರಲ್ಲೇ.

ಪ್ರೊಜೆಕ್ಟರ್_ಬೆಳಕು:

ಉಳಿದ ಎರಡು ಪ್ರಶ್ನೆಗೆ.

ಅವಧಿ: ಎರಡು ಕಾರಣ ಇರುತ್ತೆ, ಬೇರೆ ಬೇರೆ ಮಾಡಿ ನೋಡಿ. ವ್ಯತ್ಯಾಸ ಸರಿಯಾಗಿ ಶೇಕಡ 4 ಇದ್ರೆ ಏನೂ ಕತ್ತರಿಸಿಲ್ಲ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಪಾಲ್ (ಯುರೋಪ್, ಭಾರತದ ಟಿವಿ ಪದ್ಧತಿ) ಡಿವಿಡಿ 25. ಹಾಗಾಗಿ 100 ನಿಮಿಷದ್ದು 96ಕ್ಕೆ ಮುಗಿಯುತ್ತೆ, ದನಿಯೂ ಕೂದಲೆಳೆಯಷ್ಟು ಕೀಚಲಾಗಬಹುದು. ಅದಕ್ಕಿಂತ ಹೆಚ್ಚಿದ್ರೆ ಕತ್ತರಿ ಬಿದ್ದಿದೆ ಅಂತಲೇ ಅರ್ಥ. ತೈವಾನಿನ ಎಡ್ವರ್ಡ್ ಯಾಂಗ್‌ನ ‘ಎ ಬ್ರೈಟರ್ ಸಮ್ಮರ್ ಡೇ’ (1991) ಪೂರ್ತಿ ಇರೋದು 237 ನಿಮಿಷ, 3 ಗಂಟೆ ಚಿಲ್ಲರೆಯದ್ದು ಮೊಟಕು ಪ್ರತಿ. ಅದನ್ನ ಮುಟ್ಟಬೇಡಿ. ಅದರಲ್ಲಿ ಹುಡುಗ ಸ್ಟುಡಿಯೋದಿಂದ ಕದ್ದ ಟಾರ್ಚ್ ಯಾವಾಗ ಹತ್ತುತ್ತೆ, ಯಾವಾಗ ಆರುತ್ತೆ, ಎಲ್ಲಿ ಬಿಟ್ಟು ಹೋಗ್ತಾನೆ ಅನ್ನೋದೇ ಕಥೆಯ ದಾರ. ನಡುವೆ ಒಂದು ತಾಸು ಕಿತ್ತರೆ ದಾರ ಉಳಿಯುತ್ತಾ?

ಸಬ್‌ಟೈಟಲ್: ನಿಮ್ಮದೂ ಅದೇ 24-25ರ ರೋಗ. ಮೊದಲು ಪರೀಕ್ಷೆ ಮಾಡಿ. 5ನೇ ನಿಮಿಷದ ಸುಮಾರಿಗೆ ಒಂದು ಮಾತು, ಮುಗಿಯೋ 10 ನಿಮಿಷ ಮುಂಚೆ ಒಂದು ಮಾತು ಹಿಡಿದು ಎಷ್ಟು ಸೆಕೆಂಡ್ ವ್ಯತ್ಯಾಸ ಅಂತ ಬರ್ಕೊಳ್ಳಿ.

ಎರಡೂ ಕಡೆ ಒಂದೇ ಅಂತರ ಇದ್ರೆ ವಿಎಲ್‌ಸಿ ಅನ್ನೋ ವಿಡಿಯೋ ಪ್ಲೇಯರ್‌ನಲ್ಲೇ ಸರಿಹೋಗುತ್ತೆ: ಕೀಬೋರ್ಡಿನಲ್ಲಿ ಎಚ್ ಒತ್ತಿದರೆ ಅಕ್ಷರ ತಡವಾಗುತ್ತೆ, ಜಿ ಒತ್ತಿದರೆ ಬೇಗ ಬರುತ್ತೆ, ಒಂದೊತ್ತಿಗೆ 50 ಮಿಲಿಸೆಕೆಂಡ್.

ಅಂತರ ಬೆಳೀತಾ ಹೋದ್ರೆ, ಅಂದ್ರೆ ನಿಮಿಷಕ್ಕೆ ಸುಮಾರು ಎರಡೂವರೆ ಸೆಕೆಂಡ್, ಗಂಟೆಗೆ ಎರಡೂವರೆ ನಿಮಿಷದ ಹತ್ತಿರ, ಆಗ ಜಿ-ಎಚ್ ಒತ್ತಿ ಉಪಯೋಗ ಇಲ್ಲ. ‘ಸಬ್‌ಟೈಟಲ್ ಎಡಿಟ್’ ಅನ್ನೋ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದು ಫ್ರೇಮ್ ರೇಟ್ ಬದಲಿಸೋ ಕಡೆ 23.976ರಿಂದ (ವಿಡಿಯೋ ಫೈಲುಗಳಲ್ಲಿ 24 ಅಂದ್ರೆ ಸಾಮಾನ್ಯವಾಗಿ ಇದೇ) 25ಕ್ಕೆ ಅಂತ ಕೊಡಿ. ಅಕ್ಷರ ಮಾತಿಗಿಂತ ಹಿಂದೆ ಬೀಳ್ತಿದ್ರೆ ಈ ದಿಕ್ಕು, ಮುಂದೆ ಓಡ್ತಿದ್ರೆ ಉಲ್ಟಾ. ಮೂಲ ಫೈಲ್ ಹಾಗೇ ಇಟ್ಟು ಹೊಸ ಹೆಸರಲ್ಲಿ ಸೇವ್ ಮಾಡಿ.

ಇನ್ನು ಮೂರನೇ ಬಗೆ: ಸ್ವಲ್ಪ ಹೊತ್ತು ಸರಿ ಇದ್ದು, ಒಂದು ಜಾಗದಲ್ಲಿ ಥಟ್ಟನೆ 40 ಸೆಕೆಂಡ್ ಹಾರಿದ್ರೆ ಅದು ಫ್ರೇಮ್ ರೇಟ್ ಅಲ್ಲ. ನಿಮ್ಮ ಡಿಸ್ಕಿನಲ್ಲಿ ಆ ದೃಶ್ಯವೇ ಇಲ್ಲ. ಹಾರಿದ ಜಾಗದಿಂದ ಮುಂದಿನ ಸಾಲುಗಳನ್ನಷ್ಟೇ ಸೆಲೆಕ್ಟ್ ಮಾಡಿ ಸರಿಸಬೇಕು.

ಗಾಂಧಿಕ್ಲಾಸ್:

ಅಕ್ಷರ ಹಿಂದೆ ಬೀಳ್ತಿತ್ತು, 23.976ರಿಂದ 25 ಕೊಟ್ಟೆ, ಕೊನೆಯವರೆಗೂ ಸರಿ ಬಂತು. ಥ್ಯಾಂಕ್ಸ್ ಸರ್. ಆ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಬಾಕ್ಸ್ ಸೆಟ್‌ನ ಬ್ಲೂ-ರೇ ಅಮೆರಿಕದಿಂದ ತರಿಸಿದ್ರೆ ಇಲ್ಲಿನ ಪ್ಲೇಯರ್‌ನಲ್ಲಿ ಓಡುತ್ತಾ? ಹಾಗೇ ನಮ್ಮ ಪಕ್ಕದ ಶ್ರೀಲಂಕಾದ್ದು ಯಾರೂ ಹೇಳಲೇ ಇಲ್ಲ.

ರೀಲುಡಬ್ಬಿ:

ಓಡಲ್ಲ, ದುಡ್ಡು ಕಳುಹಿಸೋ ಮುಂಚೆ ಕೇಳಿದ್ದು ಒಳ್ಳೇದಾಯ್ತು. ಡಿಸ್ಕು ಯಾವ ದೇಶದ ಪ್ಲೇಯರ್‌ನಲ್ಲಿ ಓಡಬೇಕು ಅಂತ ಜಗತ್ತನ್ನ ರೀಜನ್‌ಗಳಾಗಿ ಹಂಚಿದ್ದಾರೆ. ಬ್ಲೂ-ರೇಗೆ ಭಾರತ ರೀಜನ್ ಸಿ, ಅಮೆರಿಕದ ಆ ಡಿಸ್ಕುಗಳು ರೀಜನ್ ಎ. ರೀಜನ್-ಫ್ರೀ ಪ್ಲೇಯರ್ ಇದ್ರೆ ಮಾತ್ರ ತರಿಸಿ. ಕೊರಿಯಾ, ಜಪಾನ್, ತೈವಾನ್ ಡಿಸ್ಕುಗಳೂ ಎ, ಬ್ರಿಟನ್ನಿನವು ಬಿ. ಡಿವಿಡಿ ಲೆಕ್ಕ ಬೇರೆ: ನಮ್ಮದು 5, ಅಮೆರಿಕ 1, ಜಪಾನ್ ಮತ್ತು ಬ್ರಿಟನ್ 2, ಕೊರಿಯಾ-ತೈವಾನ್ 3. ಕಂಪ್ಯೂಟರ್ ಡಿವಿಡಿ ಡ್ರೈವ್‌ನಲ್ಲಿ ರೀಜನ್ ಬದಲಿಸಬಹುದು, ಆದರೆ 5 ಸಲ ಮಾತ್ರ, ಆಮೇಲೆ ಕೊನೆಯದ್ದಕ್ಕೇ ಲಾಕ್ ಆಗುತ್ತೆ. ಇನ್ನೊಂದು ಎಚ್ಚರಿಕೆ: ಜಪಾನಿನವರು ತಮ್ಮಲ್ಲೇ ಮಾರೋಕೆ ತರೋ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಸಬ್‌ಟೈಟಲ್ ಇರಲ್ಲ. ಕವರ್ ಹಿಂಭಾಗದ ಫೋಟೋ ನೋಡದೆ ಕೊಳ್ಳಬೇಡಿ. ಕೊರಿಯನ್ ಆರ್ಕೈವ್ ತಾನೇ ತಂದ ಡಿಸ್ಕುಗಳಲ್ಲಿ ಇರುತ್ತೆ.

ಶ್ರೀಲಂಕಾ ಅಂದ್ರೆ ನಿರ್ದೇಶಕ ಲೆಸ್ಟರ್ ಜೇಮ್ಸ್ ಪೀರಿಸ್. ಮೊದಮೊದಲ ಸಿಂಹಳ ಸಿನಿಮಾಗಳು ತಯಾರಾಗ್ತಿದ್ದದ್ದು ದಕ್ಷಿಣ ಭಾರತದ ಸ್ಟುಡಿಯೋಗಳಲ್ಲಿ, ಬಣ್ಣ ಬಳಿದ ಸೆಟ್ಟುಗಳೊಳಗೆ. ಪೀರಿಸ್ ‘ರೇಖಾವ’ದಲ್ಲಿ (1956) ಕ್ಯಾಮೆರಾನ ಹಳ್ಳಿಗೇ ಒಯ್ದರು. ಆದ್ರೆ ನೀವು ‘ಗಂಪೆರಲಿಯ’ದಿಂದ (1963) ಶುರು ಮಾಡಿ. 1965ರಲ್ಲಿ ದೆಹಲಿ ಚಿತ್ರೋತ್ಸವದಲ್ಲಿ ಅಲ್ಲಿನ ದೊಡ್ಡ ಪ್ರಶಸ್ತಿ ಸ್ವರ್ಣಮಯೂರ ಗೆದ್ದದ್ದು ಇದೇ. ಕರಾವಳಿ ಊರಿನ ದೊಡ್ಡಮನೆಯೊಂದು ಇಳಿಮುಖವಾಗೋ ಕಥೆ. ಆಮೇಲೆ ಅವರ ಹೆಂಡತಿ ಸುಮಿತ್ರಾ ಪೀರಿಸ್‌ರ ‘ಗೆಹೆನು ಲಮಯಿ’ (1978). ಇದನ್ನೂ ಫಿಲ್ಮ್ ಹೆರಿಟೇಜ್ ಫೌಂಡೇಶನ್ ರಿಸ್ಟೋರ್ ಮಾಡಿ 2025ರಲ್ಲಿ ಕಾನ್‌ನಲ್ಲಿ ತೋರಿಸಿದೆ. ಯೂಟ್ಯೂಬ್‌ನಲ್ಲಿ ಹಳೇ ಟಿವಿ ರೆಕಾರ್ಡಿಂಗ್ ಸಿಕ್ಕರೂ ಹೊಸ ಪ್ರತಿ ಬರೋವರೆಗೆ ಕಾಯಿರಿ.

ಟೆಂಟ್‌ಸಿನಿಮಾ:

ಕಾಯೋ ತನಕ ‘ಕಿಸಾಪ್‌ಮತಾ’. ರಾತ್ರಿ ಒಬ್ಬರೇ ಹಾಕ್ಕೋಬೇಡಿ.