ಕೋಪವನ್ನು ನೋಡುತ್ತಿದ್ದೇನಾ, ನುಂಗುತ್ತಿದ್ದೇನಾ?

ಹೊಸಹೆಜ್ಜೆ:
ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ಅರ್ಧ ಗಂಟೆ ಆನಾಪಾನಕ್ಕೆ, ಅಂದರೆ ಉಸಿರನ್ನು ನೋಡುವ ಧ್ಯಾನಕ್ಕೆ, ಕೂರುತ್ತೇನೆ. ಮನಸ್ಸು ಹಗುರವಾಗುತ್ತದೆ. ಆದರೆ ಅಣ್ಣನ ಫೋನ್ ಬಂದರೆ ಸಾಕು. ಅಮ್ಮನನ್ನು ನೋಡಿಕೊಳ್ಳುವುದು ನಾನು, ಹೇಗೆ ನೋಡಿಕೊಳ್ಳಬೇಕು ಅಂತ ಹೇಳುವುದು ಅವನು. ಎದೆ ಬಿಗಿಯುತ್ತದೆ, 'ಉಸಿರು ನೋಡು, ಉಸಿರು ನೋಡು' ಅಂದುಕೊಂಡು ಸುಮ್ನಾಗುತ್ತೇನೆ, ರಾತ್ರಿ ಮಾತ್ರ ನಿದ್ದೆ ಬರುವುದಿಲ್ಲ, ಅವನು ಅಂದದ್ದೇ ತಿರುಗಿ ತಿರುಗಿ ಬರುತ್ತದೆ, ಆಮೇಲೆ ಇಷ್ಟು ದಿನ ಧ್ಯಾನ ಮಾಡಿಯೂ ಹೀಗಾ ಅಂತ ನನ್ನ ಮೇಲೇ ಬೇಜಾರು. ಇದು ನೋಡುವುದಾ, ನುಂಗಿಕೊಳ್ಳುವುದಾ?

ತಂಗಾಳಿ:
ನುಂಗಿಕೊಳ್ಳುವುದೇ ಅನ್ನಿಸುತ್ತದೆ. ಉಸಿರಿನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದೀರಿ. ಸತಿಪಟ್ಠಾನ ಸುತ್ತದಲ್ಲಿ (ಸುತ್ತ ಅಂದರೆ ಬುದ್ಧನ ಉಪದೇಶ) ಬುದ್ಧ ಹೇಳುವುದು, ಮನಸ್ಸಿನಲ್ಲಿ ದ್ವೇಷವಿದ್ದರೆ ಇದೆ ಅಂತ ತಿಳಿ, ಇಲ್ಲದಿದ್ದರೆ ಇಲ್ಲ ಅಂತ ತಿಳಿ. ಎದೆ ಬಿಗಿಯುತ್ತದೆ ಅಂದಿರಲ್ಲ, ಅಲ್ಲೇ ನಿಲ್ಲಿ. ಎಲ್ಲಿಂದ ಎಲ್ಲಿಯವರೆಗೆ ಬಿಗಿ, ಬಿಸಿ ಇದೆಯಾ, ಕುತ್ತಿಗೆಗೂ ಏರಿತಾ ನೋಡಿ. ಅಣ್ಣ ಏನಂದ ಅನ್ನುವ ಕಥೆ ಆಗ ಬೇಡ.
ಎರಡು ಬಾಣಗಳ ಸುತ್ತ ಕೇಳಿರುತ್ತೀರಿ. ಮೊದಲ ಬಾಣ ಮೈನೋವು, ಎರಡನೆಯದು ಅದಕ್ಕಾಗಿ ಮನಸ್ಸು ಗೋಳಾಡುವುದು. ನೀವು 'ಧ್ಯಾನ ಮಾಡಿಯೂ ಹೀಗಾ' ಅಂತ ಮೂರನೆಯದನ್ನೂ ಚುಚ್ಚಿಕೊಂಡಿದ್ದೀರಿ. ಮೊದಲು ಅದನ್ನು ಬಿಡಿ.

ದಾರಿಹೋಕ:
ನಾನೂ ಇಲ್ಲೇ ಎಡವಿದವಳು. ಸಿಟ್ಟು ಬಂದ ಕೂಡಲೇ ಅದೇ ಮನುಷ್ಯನಿಗೆ ಮೈತ್ರಿ ಕಳಿಸಲು, ಅಂದರೆ ಧ್ಯಾನದಲ್ಲಿ ಅವನಿಗೆ ಒಳಿತು ಹಾರೈಸಲು, ಹೋಗುತ್ತಿದ್ದೆ, 'ಸುಖವಾಗಿರಲಿ' ಅಂತ ಬಾಯಿ ಹೇಳುತ್ತಿತ್ತು, ಒಳಗೆ ಕುದಿ. 5ನೇ ಶತಮಾನದಲ್ಲಿ ಬೌದ್ಧ ಪಂಡಿತ ಬುದ್ಧಘೋಷ ಬರೆದ ವಿಸುದ್ಧಿಮಗ್ಗ ಅನ್ನುವ ಧ್ಯಾನದ ಗ್ರಂಥದಲ್ಲಿ ವೈರಿಯಿಂದ ಶುರು ಮಾಡಬೇಡ ಅಂತಲೇ ಇದೆ. ಮೊದಲು ತನಗೆ. ಆಮೇಲೆ ಗುರುವಿನಂಥವರು, ಗೆಳೆಯರು, ಬೇಕು ಬೇಡ ಎರಡೂ ಅಲ್ಲದವರು, ಕಡೆಗೆ ವೈರಿ. ನೀವು ದಣಿದಿದ್ದೀರಿ. ನಿಮಗೇ ಮೈತ್ರಿ ಕಳಿಸುತ್ತಾ ಜಾಸ್ತಿ ದಿನ ಇರಿ.

ಕೆರೆದಂಡೆ:
ತಡೆಯುವುದೇ ತಪ್ಪು ಅಂದುಕೊಳ್ಳಬೇಡಿ. ವಿತಕ್ಕಸಂಠಾನ ಸುತ್ತದಲ್ಲಿ ಕೆಟ್ಟ ಯೋಚನೆಗೆ ಐದು ಉಪಾಯಗಳಿವೆ. ಕಡೆಯದು ಹಲ್ಲು ಕಚ್ಚಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಮನಸ್ಸನ್ನು ಅದುಮುವುದು, ಉಳಿದ ನಾಲ್ಕೂ ಕೈಕೊಟ್ಟಾಗ. ಫೋನಿನಲ್ಲಿ ಕೆಟ್ಟ ಮಾತು ನಾಲಿಗೆ ತುದಿಗೆ ಬಂದಾಗ ಅದೂ ಬೇಕಾಗುತ್ತದೆ. ಆದರೆ ದಿನಾ ಅದೇ ಆದರೆ ಕಷ್ಟ ಅಲ್ವಾ? ಬುದ್ಧ ಹೇಳಿದ ಸಮ್ಮಾವಾಚಾ (ಸರಿಯಾದ ಮಾತು) ಅಂದರೆ ನಿಜವನ್ನು, ಹಿತವಾಗುವಂತೆ, ಹೊತ್ತು ನೋಡಿ ಹೇಳುವುದು. ಸಿಟ್ಟು ಇಳಿದ ದಿನ ನೀವೇ ಫೋನ್ ಮಾಡಿ. 'ನನಗೆ ಸುಸ್ತಾಗಿದೆ, ವಾರಕ್ಕೆ ಎರಡು ದಿನ ನೀನು ಬಾ' ಅಂತ ಹೇಳಿ.

ಹೊಸಹೆಜ್ಜೆ:
ಮೂರನೇ ಬಾಣ ಓದಿ ಕಣ್ಣು ತುಂಬಿತು. ಸುಸ್ತಾಗಿದೆ ಅಂತ ಅಣ್ಣನಿಗೆ ಒಂದು ಸಲವೂ ಹೇಳಿಲ್ಲ. ಅವನಿಗೇ ಗೊತ್ತಾಗಬೇಕು ಅಂದುಕೊಂಡಿದ್ದೆ. ಭಾನುವಾರ ನಾನೇ ಫೋನ್ ಮಾಡುತ್ತೇನೆ.