ಅಜ್ಜಿಯ ಪೆಟ್ಟಿಗೆಯ ಆನೆ ದುಡ್ಡು: ಫೈನೋ, ವೆರಿ ಫೈನೋ?

ಕೇಳಿದವರು: ಸಾಗರದ ಶಾಲಾ ಶಿಕ್ಷಕ

ನಮ್ಮ ಅಜ್ಜಿಯ ದೇವರ ಪೆಟ್ಟಿಗೆಯಲ್ಲಿ ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟ ಒಂದು ತಾಮ್ರದ ನಾಣ್ಯ ಸಿಕ್ಕಿದೆ. ಒಂದು ಬದಿಯಲ್ಲಿ ಆನೆ, ಇನ್ನೊಂದು ಬದಿಯಲ್ಲಿ ಪರ್ಷಿಯನ್ ಬರಹ. ಅಕ್ಕಸಾಲಿಗರ ತಕ್ಕಡಿಯಲ್ಲಿ 11.2 ಗ್ರಾಂ ತೂಗಿತು. ನಾಣ್ಯ ಬಲ್ಲ ಇಬ್ಬರಿಗೆ ತೋರಿಸಿದೆ. ಟಿಪ್ಪುವಿನ ಕಾಲದ ಪೈಸೆ ಎಂಬುದರಲ್ಲಿ ಇಬ್ಬರೂ ಒಂದೇ ಮಾತು. ಆದರೆ ಗ್ರೇಡ್, ಅಂದರೆ ಸವೆತ ನೋಡಿ ಕೊಡುವ ದರ್ಜೆ, ಕೇಳಿದಾಗ ಒಬ್ಬರು ‘ಫೈನ್’ ಎಂದರು, ಇನ್ನೊಬ್ಬರು ‘ವೆರಿ ಫೈನ್’ ಎಂದರು. ಯಾಕೆ ಎಂದು ಇಬ್ಬರೂ ಬಿಡಿಸಿ ಹೇಳಲಿಲ್ಲ. ಆನೆಯ ಸೊಂಡಿಲು, ಕಾಲುಗಳು ಚೆನ್ನಾಗಿವೆ. ಹಿಂಭಾಗದ ತೊಡೆ ಮಾತ್ರ ಚಪ್ಪಟೆ. ಅಂಚಿನಲ್ಲಿ ಒಂದು ಕಡೆ ಹಸಿರು ಕೂತಿದೆ. ಮಾರುವ ಯೋಚನೆ ಇಲ್ಲ, ತರಗತಿಯಲ್ಲಿ ತೋರಿಸುವಾಗ ಸರಿಯಾಗಿ ಹೇಳಬೇಕೆಂಬ ಆಸೆ ಅಷ್ಟೇ. ಗ್ರೇಡ್ ನೋಡುವುದು ಹೇಗೆ? ಹುಣಸೆಹಣ್ಣು ಹಾಕಿ ಉಜ್ಜಲೇ?

ಮೈಸೂರಿನ ಹಳೆಯ ಸಂಗ್ರಾಹಕ

ಮೇಷ್ಟ್ರೇ, ಉಜ್ಜಬೇಡಿ. ಉಳಿದದ್ದನ್ನು ರಾತ್ರಿ ಬರೆಯುತ್ತೇನೆ.

ಧಾರವಾಡದ ಗೃಹಿಣಿ

ಅವರು ರಾತ್ರಿ ಬರೆಯುವುದರೊಳಗೆ ನೀವು ಉಜ್ಜಿಬಿಟ್ಟರೆ ಕಷ್ಟ ಎಂದು ನಾನೇ ಮೊದಲು ಹೇಳಿಬಿಡುತ್ತೇನೆ.

ನನ್ನ ತವರಿನಿಂದ ಬಂದ ಇಪ್ಪತ್ತು ಕಾಸಿನ ನಾಣ್ಯವೊಂದಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ‘ಮಯಿಲಿ ಕಾಸು’ ಎಂದು ಕನ್ನಡದಲ್ಲೂ ‘ಟ್ವೆಂಟಿ ಕ್ಯಾಶ್’ ಎಂಬುದನ್ನು ರೋಮನ್ ಅಂಕಿ ಹಾಕಿ ಇಂಗ್ಲಿಷಿನಲ್ಲೂ ಒತ್ತಿರುತ್ತಾರಲ್ಲ, ಅದು. ಕಡು ಚಾಕೊಲೇಟ್ ಬಣ್ಣ, ಮೈಮೇಲೆ ಎಣ್ಣೆ ಸವರಿದಂಥ ಹೊಳಪು. ಒಂದು ದೀಪಾವಳಿಗೆ ಕಲಶದ ಚೊಂಬು, ಪಂಚಪಾತ್ರೆ, ಉದ್ಧರಣೆಯ ಜೊತೆಗೆ ಅದನ್ನೂ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಚೊಂಬಿನಂತೆಯೇ ಥಳಥಳ ಹೊಳೆಯಿತು. ನನಗೆ ಹೆಮ್ಮೆ. ಎರಡು ತಿಂಗಳಲ್ಲಿ ಸುಟ್ಟ ದೋಸೆಯ ಹಾಗೆ ಅಲ್ಲಲ್ಲಿ ಕಪ್ಪು ಕಲೆ, ನಡುವೆ ಗುಲಾಬಿ ಬಣ್ಣ. ಪರಿಚಯದ ವ್ಯಾಪಾರಿಯೊಬ್ಬರು ಕೈಗೆ ತೆಗೆದುಕೊಂಡವರೇ, ‘ತೊಳೆದಿದ್ದೀರಾ ಅಮ್ಮಾ?’ ಎಂದರು. ಅಕ್ಷರಗಳೆಲ್ಲ ಮೊದಲಿನಷ್ಟೇ ಸ್ಪಷ್ಟವಾಗಿದ್ದವು, ಆದರೂ ಅವರು ಗ್ರೇಡ್ ಹೇಳಲಿಲ್ಲ. ‘ತೊಳೆದದ್ದು’ ಎಂದು ಚೀಟಿಯ ಮೇಲೆ ಬರೆದು ಕೊಟ್ಟರು. ಈಗಲೂ ಆ ಚೀಟಿ ಜೊತೆಗೇ ಇದೆ.

ಹುಳಿ ಕಿಲುಬನ್ನಷ್ಟೇ ತಿನ್ನುವುದಿಲ್ಲ. ನೂರಾರು ವರ್ಷಗಳಲ್ಲಿ ತಾಮ್ರದ ಮೇಲೆ ಕಟ್ಟಿಕೊಂಡ ಕಂದು ಪದರವನ್ನೂ ತಿಂದುಬಿಡುತ್ತದೆ. ಆ ಪದರ ಮತ್ತೆ ಬರಬೇಕೆಂದರೆ ನನ್ನ ಮೊಮ್ಮಕ್ಕಳ ಮೊಮ್ಮಕ್ಕಳು ಕಾಯಬೇಕು.

ಮೈಸೂರಿನ ಹಳೆಯ ಸಂಗ್ರಾಹಕ, ರಾತ್ರಿ

ಮೊದಲು ಹೆಸರುಗಳ ಗೊಂದಲ ಮುಗಿಸೋಣ. ವ್ಯಾಪಾರದಲ್ಲಿ ಕೆಳಗಿನಿಂದ ಮೇಲಕ್ಕೆ ಗುಡ್, ವೆರಿ ಗುಡ್, ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಕೊನೆಗೆ ಚಲಾವಣೆಯನ್ನೇ ಕಾಣದ ಅನ್‌ಸರ್ಕ್ಯುಲೇಟೆಡ್. ಇಲ್ಲಿ ‘ಗುಡ್’ ಎಂದರೆ ಒಳ್ಳೆಯದಲ್ಲ. ಆನೆಯೋ ಎಮ್ಮೆಯೋ ಎಂದು ಕಷ್ಟಪಟ್ಟು ಗುರುತಿಸುವಷ್ಟು ಸವೆದದ್ದು. ಅಂಗಡಿಯವನು ‘ಗುಡ್ ಕಂಡೀಷನ್ ಸಾರ್’ ಎಂದಾಗ ನಗಬೇಕೋ ಅಳಬೇಕೋ ಎಂಬುದನ್ನು ನಾಣ್ಯ ನೋಡಿ ತೀರ್ಮಾನಿಸಿ.

ಈಗ ನಿಮ್ಮ ಆನೆಯ ಚಪ್ಪಟೆ ತೊಡೆ. ಆ ಇಬ್ಬರ ಜಗಳ ಇರುವುದೇ ಅಲ್ಲಿ ಎಂದು ನನ್ನ ಅನುಮಾನ. ಟಿಪ್ಪುವಿನ ಪೈಸೆಗಳು ಯಂತ್ರದಿಂದ ಬಂದವಲ್ಲ. ಕೆಳಗೊಂದು ಅಚ್ಚು, ನಡುವೆ ತಾಮ್ರದ ಬಿಲ್ಲೆ, ಮೇಲೊಂದು ಅಚ್ಚು, ಅದರ ಮೇಲೆ ಸುತ್ತಿಗೆಯ ಪೆಟ್ಟು. ಸುತ್ತಿಗೆ ಕೂದಲೆಳೆಯಷ್ಟು ವಾಲಿದರೂ ಒಂದು ಮಗ್ಗುಲು ಸರಿಯಾಗಿ ಒತ್ತುವುದಿಲ್ಲ. ಹಾಗೆ ಒತ್ತದ ಜಾಗವೂ ಚಪ್ಪಟೆ, ಕೈಯಿಂದ ಕೈಗೆ ಹೋಗಿ ಸವೆದ ಜಾಗವೂ ಚಪ್ಪಟೆ. ದೂರದಿಂದ ಎರಡೂ ಒಂದೇ. ಟಂಕಸಾಲೆ ಕೊಡದೆ ಬಿಟ್ಟದ್ದು ಯಾವುದು, ಜನ ಸವೆಸಿದ್ದು ಯಾವುದು ಎಂದು ಬೇರೆ ಮಾಡಲು ಬಂದರೆ ಗ್ರೇಡಿನ ಮುಕ್ಕಾಲು ಪಾಠ ಕಲಿತಂತೆ.

ನಾನು ಮಾಡುವುದು ಹೀಗೆ. ಮೇಲಿನ ಟ್ಯೂಬ್‌ಲೈಟ್ ಆರಿಸಿ, ಮೇಜಿನ ದೀಪವನ್ನು ನಾಣ್ಯದ ಪಕ್ಕಕ್ಕೆ, ಬೆಳಕು ಓರೆಯಾಗಿ ಬೀಳುವಂತೆ ಇಡುತ್ತೇನೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಸಾಕು. ಚಪ್ಪಟೆ ಜಾಗವನ್ನು ನೋಡಿ: ಅಲ್ಲಿ ಮೈ ತರಿತರಿಯಾಗಿ, ಬಿಲ್ಲೆಯ ಮೂಲ ಗೀರುಗಳು ಕಾಣುವಂತಿದ್ದರೆ ಅಚ್ಚು ಅಲ್ಲಿಗೆ ಮುಟ್ಟಿಲ್ಲ. ಹಳೆಯ ಮನೆಯ ಕಲ್ಲಿನ ಹೊಸ್ತಿಲಿನಂತೆ ನುಣ್ಣಗಿದ್ದರೆ ಅದು ಸವೆತ. ಆಮೇಲೆ ನಾಣ್ಯ ತಿರುಗಿಸಿ, ಸರಿಯಾಗಿ ಅದರ ಬೆನ್ನಿನ ಜಾಗ ನೋಡಿ. ಪೆಟ್ಟು ಸಾಲದೆ ಹೋದರೆ ಎರಡೂ ಬದಿ ಅದೇ ಜಾಗದಲ್ಲಿ ಮಸುಕಾಗಿರುತ್ತವೆ. ಸವೆತಕ್ಕೆ ಆ ಶಿಸ್ತಿಲ್ಲ. ಎತ್ತರ ಎಲ್ಲಿದೆಯೋ ಅಲ್ಲಿಂದ ತಿನ್ನುತ್ತದೆ. ಆನೆಯಲ್ಲಿ ಹೊಟ್ಟೆ, ಭುಜ, ಹಣೆ, ಕಿವಿ.

ನನ್ನ ಅಳತೆಯ ಪ್ರಕಾರ ಆನೆಯ ಹೊರರೇಖೆ ಪೂರ್ತಿ ಇದ್ದು, ಕಣ್ಣು ಹೋಗಿ, ಕಿವಿಯ ಗೆರೆ ಅರ್ಧ ಉಳಿದಿದ್ದರೆ ಫೈನ್. ಕಿವಿ ಬೇರೆಯಾಗಿ ಎದ್ದು ಕಂಡು, ಕಣ್ಣು ಚುಕ್ಕೆಯಾಗಿಯಾದರೂ ಉಳಿದು, ಸುತ್ತಲಿನ ಜೋಡಿ ಗೆರೆಗಳ ನಡುವಿನ ಚುಕ್ಕೆಗಳು ಒಂದಕ್ಕೊಂದು ಅಂಟದೆ ಇದ್ದರೆ ವೆರಿ ಫೈನ್. ಅದಕ್ಕೂ ಮೇಲಿನದು ಆನೆ ದುಡ್ಡಿನಲ್ಲಿ ಅಪರೂಪ. ನಲವತ್ತು ವರ್ಷದಲ್ಲಿ ನಾನು ಕೈಯಾರೆ ಹಿಡಿದದ್ದು ಬೆರಳೆಣಿಕೆಯಷ್ಟು.

ಕಣ್ಣಿನ ವಿಷಯ ಬಂದಾಗ ನನ್ನ ಪೆದ್ದುತನವೂ ಒಂದಿದೆ. ಪಟ್ಟಣದ, ಅಂದರೆ ಶ್ರೀರಂಗಪಟ್ಟಣದ ಟಂಕಸಾಲೆಯ ಪೈಸೆಯೊಂದನ್ನು ಆನೆಯ ಕಣ್ಣು ನೋಡಿಯೇ ಮರುಳಾಗಿ, ಕೇಳಿದಷ್ಟು ಕೊಟ್ಟು ತಂದೆ. ಏಳೆಂಟು ವರ್ಷ ಬಂದವರಿಗೆಲ್ಲ ತೋರಿಸಿದೆ. ಒಂದು ದಿನ ಓರೆ ಬೆಳಕಿನಲ್ಲಿ ನೋಡಿದರೆ ಕಣ್ಣಿನ ಸುತ್ತ ಲೋಹ ಉಬ್ಬಿರಲಿಲ್ಲ, ಒಳಕ್ಕೆ ಕೊರೆದಿತ್ತು. ಗುಳಿಯ ತಳದಲ್ಲಿ ಎಳೆಯ ಕೆಂಪು ತಾಮ್ರ ಇಣುಕುತ್ತಿತ್ತು. ಯಾರೋ ಸೂಜಿಯಿಂದ ಆನೆಗೆ ಕಣ್ಣು ಬರೆಸಿದ್ದರು! ಹಬ್ಬಕ್ಕೆ ಗೊಂಬೆಗೆ ಬರೆದಂತೆ. ಅಚ್ಚಿನಿಂದ ಬಂದ ಗೆರೆ ಮೈಯಿಂದ ಎದ್ದಿರುತ್ತದೆ, ಕೊರೆದ ಗೆರೆ ಮೈಗೆ ಇಳಿದಿರುತ್ತದೆ. ಇಷ್ಟು ಸಣ್ಣ ವಿಷಯ ನನಗೆ ತಿಳಿಯಲು ಅಷ್ಟು ವರ್ಷ ಹಿಡಿಯಿತು.

ಇನ್ನೊಂದು ಮಾತು. ಬಿಲ್ಲೆ ಅನೇಕ ಸಲ ಅಚ್ಚಿಗಿಂತ ಚಿಕ್ಕದು. ಹಾಗಾಗಿ ಬರಹದ ಒಂದು ಭಾಗ ಆಚೆಗೆ ಬಿದ್ದು ಹೋಗಿರುತ್ತದೆ. ಟಂಕಸಾಲೆಯ ಹೆಸರು ಪೂರ್ತಿ ಓದಲು ಬರುವ ಫೈನ್ ನಾಣ್ಯವನ್ನು, ಹೆಸರೇ ಇಲ್ಲದ ವೆರಿ ಫೈನ್‌ಗಿಂತ ನಾನು ಮೇಲೆ ಇಡುತ್ತೇನೆ. ಗ್ರೇಡ್ ಸವೆತವನ್ನು ಹೇಳುತ್ತದೆಯೇ ಹೊರತು ನಾಣ್ಯವನ್ನಲ್ಲ. ನಿಮ್ಮದರಲ್ಲಿ ಹೆಸರು ಏನಿದೆ? ನಿಮ್ಮ ಕಡೆಯದ್ದೇ ಇದ್ದರೂ ಇರಬಹುದು. ಹೊಸನಗರ ತಾಲ್ಲೂಕಿನ ನಗರದಲ್ಲಿಯೂ ಟಿಪ್ಪುವಿನ ಟಂಕಸಾಲೆ ಇತ್ತು, ನಾಣ್ಯದ ಮೇಲೆ ‘ನಗರ್’ ಎಂದೇ ಇರುತ್ತದೆ. ಇಸವಿ ಕಂಡರೆ ಗಾಬರಿಯಾಗಬೇಡಿ. ಮೌಲೂದಿ ಎಂಬ ತನ್ನದೇ ವರ್ಷಗಣನೆ ತಂದ ಮೇಲೆ ಟಿಪ್ಪು ಅಂಕಿಗಳನ್ನು ಬಲದಿಂದ ಎಡಕ್ಕೆ ಹಾಕಿಸಿದ. 1218 ಎಂಬುದು ನಮ್ಮ ಕಣ್ಣಿಗೆ 8121 ಎಂದು ಕಾಣುತ್ತದೆ.

ಶಿವಮೊಗ್ಗದ ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ

ಹಸಿರಿನ ಬಗ್ಗೆ ಯಾರೂ ಹೇಳಲಿಲ್ಲ. ಹಸಿರೆಲ್ಲ ಒಂದೇ ಅಲ್ಲ. ಗಟ್ಟಿಯಾಗಿ, ಮೈಗೆ ಅಂಟಿಕೊಂಡು, ಕಡು ಹಸಿರಾಗಿದ್ದರೆ ಅದು ನಿದ್ರೆ ಮಾಡುತ್ತಿರುವ ಕಿಲುಬು, ಅದರ ಪಾಡಿಗೆ ಬಿಡಿ. ತಿಳಿಹಸಿರು ಬಣ್ಣದ, ಹಲ್ಲುಕಡ್ಡಿಯ ತುದಿ ತಾಗಿಸಿದರೆ ಹಿಟ್ಟಿನಂತೆ ಉದುರುವ, ಕೆಳಗೆ ಸಣ್ಣ ಗುಳಿ ಇರುವ ಹಸಿರಾದರೆ ಅದು ರೋಗ. ತಾಮ್ರದೊಳಗೆ ಸೇರಿಕೊಂಡ ಕ್ಲೋರೈಡ್ ಗಾಳಿಯ ತೇವದೊಂದಿಗೆ ಸೇರಿ ಆಮ್ಲವಾಗುತ್ತದೆ, ಆ ಆಮ್ಲ ಮತ್ತಷ್ಟು ತಾಮ್ರವನ್ನು ತಿನ್ನುತ್ತದೆ, ಮತ್ತೆ ಕ್ಲೋರೈಡ್. ನಿಲ್ಲುವುದೇ ಇಲ್ಲ. ಕ್ಲೋರೈಡ್ ಎಲ್ಲಿಂದ ಬಂತು ಎಂದರೆ ಮಣ್ಣಿನಿಂದ, ಬೆವರಿನಿಂದ. ಧಾರವಾಡದ ಅಮ್ಮನವರು ಹುಣಸೆಹಣ್ಣಿನ ಜೊತೆ ಹಾಕಿದ ಉಪ್ಪಿನಿಂದಲೂ!

ಮಲೆನಾಡಿನ ಮಳೆಗಾಲದಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ. ಸಾಗರದವರು ಎಂದು ಓದಿದಾಗಲೇ ನನಗೆ ಚಿಂತೆಯಾಯಿತು. ಸಂಶಯವಿದ್ದರೆ ಉದುರುವ ಪುಡಿಯನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆದು (ಪಿನ್ನಿನಿಂದ ಬೇಡ), ನಾಣ್ಯವನ್ನು ಡಿಸ್ಟಿಲ್ಡ್ ನೀರಿನಲ್ಲಿ ಮುಳುಗಿಸಿಡಿ. ನಲ್ಲಿ ನೀರಲ್ಲ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸುತ್ತಾ ಕೆಲವು ವಾರ ಬಿಡಿ. ಪೂರ್ತಿ ಒಣಗಿಸಿ, ಸಿಲಿಕಾ ಜೆಲ್ ಪುಡಿಕೆಯೊಂದಿಗೆ ಡಬ್ಬಿಯಲ್ಲಿಡಿ. ತಿಂಗಳ ನಂತರ ಅದೇ ಜಾಗದಲ್ಲಿ ಹೊಸ ಪುಡಿ ಎದ್ದಿದ್ದರೆ ಮತ್ತೆ ನೀರಿಗೆ.

ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲಗಳೂ ಶತ್ರುಗಳೇ. ವರ್ಷಗಟ್ಟಲೆ ಇಟ್ಟರೆ ನಾಣ್ಯದ ಮೇಲೆ ಅಂಟಂಟಾದ ಹಸಿರು ಬರುತ್ತದೆ. ಅದಕ್ಕೆ ಶುದ್ಧ ಅಸಿಟೋನ್ ಆಗುತ್ತದೆ, ಒಲೆಯಿಂದ ದೂರ, ಕಿಟಕಿ ತೆರೆದು. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಬಣ್ಣ, ಎಣ್ಣೆ ಏನೇನೋ ಇರುತ್ತದೆ.

ತುಮಕೂರಿನ ಬ್ಯಾಂಕ್ ನೌಕರ

ಎಲ್ಲರೂ ಅಸಲಿ ನಾಣ್ಯ ಎಂದುಕೊಂಡೇ ಮಾತನಾಡುತ್ತಿದ್ದೀರಿ. ನಾನು ಮೋಸ ಹೋದವನು.

ಜಾತ್ರೆಯೊಂದರಲ್ಲಿ ಟಿಪ್ಪುವಿನ ಜೋಡಿ ಪೈಸೆ ಎಂದು ಒಂದನ್ನು ಕೊಂಡೆ. ಆನೆ ಎಷ್ಟು ಚೆನ್ನಾಗಿತ್ತೆಂದರೆ ಅದೇ ನನಗೆ ಎಚ್ಚರಿಕೆ ಕೊಡಬೇಕಿತ್ತು. ಜೋಡಿ ಪೈಸೆ ಸುಮಾರು 22ರಿಂದ 23 ಗ್ರಾಂ ಇರಬೇಕು; ಮನೆಗೆ ಬಂದು ತೂಗಿದರೆ 18 ಚಿಲ್ಲರೆ. ಮಸೂರದಲ್ಲಿ ನೋಡಿದರೆ ಮೈತುಂಬ ಸಣ್ಣ ಗುಳ್ಳೆಗಳು, ಇಡ್ಲಿಯ ಮೇಲ್ಮೈಯಂತೆ. ಅಕ್ಷರಗಳ ಮೂಲೆಗಳು ಬಳಸಿದ ಸೋಪಿನ ಹಾಗೆ ದುಂಡಗೆ. ಅಂಚಿನ ಸುತ್ತ ಉಗುರಿಗೆ ತಾಗುವ ಒಂದು ಗೆರೆ, ಎರಡು ಅರ್ಧ ಅಚ್ಚುಗಳನ್ನು ಜೋಡಿಸಿ ಎರಕ ಹೊಯ್ದದ್ದರ ಗುರುತು. ಪೆಟ್ಟು ತಿಂದು ಹುಟ್ಟಿದ ನಾಣ್ಯಕ್ಕೆ ಆ ಗೆರೆ ಇರುವುದಿಲ್ಲ.

ಮೇಷ್ಟ್ರ 11.2 ಗ್ರಾಂ ಪೈಸೆಗೆ ಸರಿಯಾದ ತೂಕವೇ. ಆದರೂ ಅಂಚು ನೋಡಿ. ಇನ್ನು 1818 ಎಂದು ಬರೆದು ರಾಮ, ಸೀತೆ, ಹನುಮಂತನ ಚಿತ್ರ ಒತ್ತಿದ ‘ಈಸ್ಟ್ ಇಂಡಿಯಾ ಕಂಪನಿ ನಾಣ್ಯ’ ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಇನ್ನೊಂದಿದ್ದರೆ ಅದಕ್ಕೆ ಗ್ರೇಡ್ ಕೇಳಬೇಡಿ. ಕಂಪನಿ ಅಂಥ ನಾಣ್ಯವನ್ನು ಹೊರಡಿಸಲೇ ಇಲ್ಲ. ಅಕ್ಕಿ ಕಾಳನ್ನು ತನ್ನತ್ತ ಎಳೆಯುವ ಪವಾಡದ ನಾಣ್ಯ ಎಂದು ಹೇಳಿ ಅವನ್ನು ಲಕ್ಷಗಟ್ಟಲೆಗೆ ಮಾರುವವರಿದ್ದಾರೆ. ಪೂಜೆಗೆ ಇಟ್ಟುಕೊಳ್ಳುವುದಾದರೆ ಅಭ್ಯಂತರವಿಲ್ಲ.

ಅಮೆರಿಕದಲ್ಲಿರುವ ಹಾಸನದವರು

ಇಲ್ಲಿ ಎಲ್ಲಕ್ಕೂ 1ರಿಂದ 70ರವರೆಗೆ ಅಂಕ ಕೊಡುತ್ತಾರೆ: ಫೈನ್ 12, ವೆರಿ ಫೈನ್ 20ರಿಂದ 35, 60ರಿಂದ ಮೇಲೆ ಚಲಾವಣೆಗೆ ಬಾರದ್ದು. ಯಾಕೆ 70, ಯಾಕೆ 100 ಅಲ್ಲ ಎಂದು ನನಗೆ ಬಹಳ ದಿನ ತಲೆ ಕೊರೆಯುತ್ತಿತ್ತು. ಇದೂ ಹುಟ್ಟಿದ್ದು ತಾಮ್ರದ ನಾಣ್ಯಕ್ಕಾಗಿಯೇ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬಾತ ಹಳೆಯ ಅಮೆರಿಕನ್ ತಾಮ್ರದ ದೊಡ್ಡ ಸೆಂಟುಗಳಿಗೆ ಮಾಡಿದ ಲೆಕ್ಕ. ತೀರಾ ಸವೆದದ್ದಕ್ಕೆ ಒಂದು ಡಾಲರ್ ಆದರೆ ಅತ್ಯುತ್ತಮವಾದದ್ದಕ್ಕೆ ಎಪ್ಪತ್ತು ಡಾಲರ್. ಆ ಬೆಲೆ ಎಂದೋ ಹೋಯಿತು, ಅಂಕ ಉಳಿಯಿತು. ಯಂತ್ರದಲ್ಲಿ ಒತ್ತಿದ, ಒಂದರಂತೆ ಇನ್ನೊಂದಿರುವ ನಾಣ್ಯಗಳಿಗೆ ಅದು ಹೊಂದುತ್ತದೆ. ವಿಕ್ಟೋರಿಯಾ ಕಾಲು ಆಣೆಯಲ್ಲಿ ಕೆನ್ನೆ, ಕಿರೀಟದ ಮುತ್ತು ನೋಡಿ ಅಂಕ ಹಾಕಬಹುದು. ಸುತ್ತಿಗೆ ಏಟಿನ ಆನೆಗೆ 25ಕ್ಕೂ 30ಕ್ಕೂ ಏನು ವ್ಯತ್ಯಾಸ ಎಂದು ನನಗಂತೂ ಅರ್ಥವಾಗಿಲ್ಲ. ದುಡ್ಡು ಕೊಟ್ಟು ಅಂಕ ಹಾಕಿಸಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಸೀಲ್ ಮಾಡಿಸಬೇಡಿ. ಮಾರುವುದಿಲ್ಲ ಎಂದಿದ್ದೀರಿ, ಮಕ್ಕಳು ಕೈಯಲ್ಲಿ ಹಿಡಿಯಲಿ, ಅಂಚು ಹಿಡಿದು.

ನನ್ನಂಥ ದೂರದ ನೆಂಟರು ‘ನನಗೊಂದು ಕೊಡಿ’ ಎಂದರೆ ಕೊಟ್ಟು ಕಳುಹಿಸಬೇಡಿ. ನೂರು ವರ್ಷ ದಾಟಿದ ನಾಣ್ಯವನ್ನು ದೇಶದಾಚೆ ಒಯ್ಯುವುದನ್ನು 1972ರ ಪುರಾತನ ವಸ್ತುಗಳ ಕಾಯಿದೆ ತಡೆಯುತ್ತದೆ.

ಕೇಳಿದವರು, ಹತ್ತು ದಿನಗಳ ನಂತರ

ಎಲ್ಲರಿಗೂ ನಮಸ್ಕಾರ. ಓರೆ ಬೆಳಕಿನಲ್ಲಿ ನೋಡಿದೆ. ತೊಡೆಯ ಚಪ್ಪಟೆ ಜಾಗ ತರಿತರಿಯಾಗಿದೆ, ಬೆನ್ನ ಬದಿಯಲ್ಲಿಯೂ ಅದೇ ಜಾಗದಲ್ಲಿ ಬರಹ ಮಸುಕು. ಅಂದರೆ ಅದು ಪೆಟ್ಟು ಬೀಳದ್ದು. ಕಿವಿಯ ಗೆರೆ ಪೂರ್ತಿ ಇದೆ. ಕಣ್ಣು ಇದೆ, ಒಳಕ್ಕೆ ಇಳಿದಿಲ್ಲ, ಉಬ್ಬಿದೆ (ಇದನ್ನು ಮೂರು ಸಲ ನೋಡಿದೆ). ಆದರೆ ಹೊಟ್ಟೆ ನಿಜವಾಗಿಯೂ ಸವೆದು ನುಣ್ಣಗಾಗಿದೆ, ಚುಕ್ಕೆಗಳು ಎರಡು ಕಡೆ ಅಂಟಿಕೊಂಡಿವೆ. ವೆರಿ ಫೈನ್‌ನ ಹೊಸ್ತಿಲಲ್ಲಿ ನಿಂತಿದೆ, ಒಳಗೆ ಕಾಲಿಟ್ಟಿಲ್ಲ ಎಂದು ನನ್ನ ತೀರ್ಮಾನ. ಅಂಚಿನಲ್ಲಿ ಗೆರೆ ಇಲ್ಲ. ಹಸಿರು ಗಟ್ಟಿಯಾಗಿದೆ, ಕಡ್ಡಿಗೆ ಉದುರಲಿಲ್ಲ.

ಉರ್ದು ಬಲ್ಲ ಸಹೋದ್ಯೋಗಿಯೊಬ್ಬರು ಬರಹ ಓದಿದರು: ಜರ್ಬ್ ನಗರ್, ಅಂದರೆ ನಗರದಲ್ಲಿ ಒತ್ತಿದ್ದು. ನಮ್ಮ ಮನೆಯಿಂದ ಒಂದು ಬಸ್ಸಿನ ದಾರಿ.

ಅಜ್ಜಿಗೆ ಇದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಹಾಗಾದರೆ ಈ ಸಲ ಲಕ್ಷ್ಮೀಪೂಜೆಗೆ ಅದನ್ನು ತೊಳೆಯದೆ ಇಡಬೇಕೋ?’ ಎಂದರು. ಮಡಿಯ ಪ್ರಶ್ನೆ ಇದೆ, ಏನು ಹೇಳಲಿ?

ಧಾರವಾಡದ ಗೃಹಿಣಿ

ಬಟ್ಟೆಯಲ್ಲಿ ಸುತ್ತಿದ ಹಾಗೆಯೇ ಇಡಲು ಹೇಳಿ. ಅರಿಶಿನ, ಕುಂಕುಮ ಬಟ್ಟೆಗೆ ಸಾಕು. ನಾನು ಎರಡು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ, ಹುಣಸೆಹಣ್ಣು ಚೊಂಬಿಗೆ ಮಾತ್ರ.