ಸಹಾಯ ಬೇಕು: ಬಣ್ಣ ಹಚ್ಚಿದ ವಾರ್‌ಹ್ಯಾಮರ್ ಗೊಂಬೆಗಳಿಗೆ ಎಷ್ಟು ಹೇಳಲಿ?

ನಮಸ್ಕಾರ, ನಾನು ಹುಬ್ಬಳ್ಳಿ ವಿದ್ಯಾನಗರದವನು. ನನ್ನ ಹತ್ತಿರ ವಾರ್‌ಹ್ಯಾಮರ್ 40,000 (ಪುಟ್ಟ ಗೊಂಬೆಗಳ ಸೈನ್ಯ ಕಟ್ಟಿ ಮೇಜಿನ ಮೇಲೆ ಆಡುವ ಯುದ್ಧದಾಟ) ಆಟದ 32 ಸ್ಪೇಸ್ ಮರೀನ್, ಅಂದರೆ ಬಾಹ್ಯಾಕಾಶ ಸೈನಿಕರ, ಗೊಂಬೆಗಳಿವೆ. ಎರಡು ವರ್ಷ ರಾತ್ರಿ ಕೂತು ನಾನೇ ಬಣ್ಣ ಹಚ್ಚಿದವು. ಈಗ ಊರು ಬಿಡುತ್ತಿದ್ದೇನೆ, ಮಾರಬೇಕು.

ಹೊಸ ಡಬ್ಬಿಯ ಅರ್ಧ ಬೆಲೆ ಹೇಳಿದರೆ ಜಾಸ್ತಿ ಆಗುತ್ತಾ? ಬಣ್ಣ ಇದ್ದರೆ ಬೆಲೆ ಏರುತ್ತೆ ಅಂದುಕೊಂಡಿದ್ದೆ, ಆದರೆ ಕೊಳ್ಳುವವರಿಗೆ ತಮ್ಮ ಸೈನ್ಯದ ಬಣ್ಣವೇ ಬೇಕಲ್ವಾ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ನನ್ನ ಕೆಲಸವನ್ನೆಲ್ಲ ಉಜ್ಜಿ ತೆಗೆಯುತ್ತಾರೆ ಅಂದರೆ ನಿಜವಾಗಿ ಸಂಕಟ ಆಗುತ್ತೆ. ನಾಲ್ಕಕ್ಕೆ ಬಂದೂಕು ಮುರಿದಿದೆ, ಫೋಟೋದಲ್ಲಿ ತೋರಿಸುತ್ತೇನೆ, ಮುಚ್ಚಿಟ್ಟು ಮಾರಲ್ಲ.

ಒಟ್ಟಿಗೆ ಕೊಡಲಾ, ಹತ್ತತ್ತರಂತೆ ಕೊಡಲಾ? ಧಾರವಾಡ, ಗದಗದವರಾದರೆ ನಾನೇ ತಂದುಕೊಡುತ್ತೇನೆ. ದೂರಕ್ಕೆ ಕೊರಿಯರ್ ಮಾಡಿದವರಿದ್ದರೆ ಹೇಗೆ ಪ್ಯಾಕ್ ಮಾಡಿದಿರಿ ಹೇಳಿ, ಬುಡಕ್ಕೆ ಮ್ಯಾಗ್ನೆಟ್ ಅಂಟಿಸಿ ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿದರೆ ಸಾಕಾ?